ದೊಡ್ಡಪ್ಪನ ನಾಲಿಗೆ

ಕಷಾಯದ ಪುಡಿ ಮತ್ತೆ ನಪಾಸಾಗಿತ್ತು. ಯಂತ್ರದ ತೆರೆಯ ಮೇಲೆ ಕಹಿಬೇರಿನ ಗೆರೆ ಮಿತಿ ದಾಟಿ ನಿಂತಿತ್ತು. ಅಷ್ಟು ಕಹಿ ಹೊಟ್ಟೆಗಿಳಿದರೆ ಜ್ವರ ಬಿಡುವ ಮೊದಲೇ ರೋಗಿ ವಾಂತಿ ಮಾಡಿಕೊಂಡು ನೆಲ ಹಿಡಿಯುತ್ತಾನೆ. ಪರೀಕ್ಷಕಿ ಮೊದಲು ಯಂತ್ರವನ್ನು ಅನುಮಾನಿಸಿದಳು, ಆಮೇಲೆ ಬೇರು ತಂದುಕೊಡುವವನನ್ನು. ಯಂತ್ರವೂ ಸರಿಯಿತ್ತು, ಬೇರೂ ಸರಿಯಿತ್ತು. ಇನ್ನುಳಿದವರು ಕೆಳಗೆ ಪುಡಿ ಬೆರೆಸುವ ದೊಡ್ಡಪ್ಪ ಒಬ್ಬರೇ. ಯೋಚನೆ ಅತ್ತ ಹೋದೊಡನೆ ಅವಳೆದ್ದು ಗಾಜಿನ ಕೊಳವೆಗಳನ್ನು ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಅಪ್ಪ ಹೋದ ಮೇಲೆ ಅವಳನ್ನು ಸಾಕಿ ಓದಿಸಿದವರು ದೊಡ್ಡಪ್ಪ. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವರು ನಾಲಿಗೆ ಯಜಮಾನರು. ತೂಕದ ಚೀಟಿ ಗೋಡೆಯ ಮೇಲಿದ್ದರೂ ಅದು ಬರೀ ಅಂದಾಜಿಗೆ. ಅವರು ಚಿಟಿಕೆ ಪುಡಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಹೂಂ ಅನ್ನುವವರೆಗೆ ಚೀಲದ ಬಾಯಿ ಹೊಲಿಯುವಂತಿರಲಿಲ್ಲ. ಬೇರಿನ ಗುಣ ಮಳೆಗಾಲಕ್ಕೊಂದು ಬೇಸಿಗೆಗೊಂದು, ಕಾಗದಕ್ಕೇನು ಗೊತ್ತು ಎಂಬುದು ಅವರ ವಾದ. ನಿನ್ನ ಯಂತ್ರಕ್ಕೆ ನೆಗಡಿಯಾದರೆ ಹೇಳು, ಇದೇ ಕಷಾಯ ಕುಡಿಸೋಣ ಎಂದು ಅವಳನ್ನು ಛೇಡಿಸುವರು.

ಚಳಿಗಾಲದಲ್ಲಿ ಅವರೇ ಜ್ವರದಿಂದ ಮಲಗಿ ಎದ್ದಿದ್ದರು. ಅಂದಿನಿಂದ ಕಹಿ ಏರುತ್ತಲೇ ಬಂದಿದೆ ಎಂಬುದು ಅವಳಿಗೆ ಈಗ ಹೊಳೆಯಿತು.

ನಪಾಸಾದ ಪುಡಿಯನ್ನು ಬಟ್ಟಲಲ್ಲಿ ಹಿಡಿದು ಅವಳು ಕೆಳಗಿಳಿದಳು. ಇಳಿಯುವಾಗ ಚೂರು ಬಾಯಿಗಿಟ್ಟುಕೊಂಡದ್ದಕ್ಕೆ ಗಂಟಲವರೆಗೂ ಕಹಿ ಹತ್ತಿ ಕಣ್ಣಲ್ಲಿ ನೀರು ಬಂತು. ಇದು ಯಾವ ಪುಡಿ ಎಂದು ಹೇಳದೆ ಅವರ ಮುಂದೆ ಹಿಡಿದಳು. ದೊಡ್ಡಪ್ಪ ಕಣ್ಣು ಮುಚ್ಚಿ ಚಪ್ಪರಿಸಿದರು.

"ಸಪ್ಪೆ. ಇನ್ನೊಂದು ಹಿಡಿ ಬೇರು ಹಾಕ್ಸು."

ಕಣ್ಣು ತೆರೆದ ಅವರು ಅವಳ ಮುಖ ನೋಡಿದರು, ಬಟ್ಟಲು ನೋಡಿದರು. ಅಂಗೈಗೆ ಅಂಟಿದ ಪುಡಿಯನ್ನು ನಿಧಾನವಾಗಿ ಕೊಡವಿಕೊಂಡರು.

"ಯಾವಾಗಿಂದ, ದೊಡ್ಡಪ್ಪ?"

"ನಿನ್ ದೊಡ್ಡಮ್ಮಂಗೆ ಹೇಳ್ಬೇಡ ಮಗಾ. ದಿನಾ ಅಡುಗೆ ಹೇಗಿದೆ ಅಂತ ಕೇಳ್ತಾಳೆ."

ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬಹುದು. ಆದರೆ ಈ ಪುಡಿ ನಾಳೆ ಯಾರದೋ ಮಗುವಿನ ಬಾಯಿಗೆ ಹೋಗುತ್ತದೆ.

ದಬ್ಬಣಕ್ಕೆ ದಾರ ಪೋಣಿಸಿಕೊಂಡು ಹೊಲಿಯುವವನು ಬಂದು ನಿಂತ. "ಹೊಲೀಲಾ ಯಜಮಾನ್ರೇ?"

"ಬೇಡ. ಇನ್ಮೇಲೆ ನಾನು ಮೇಲಿಂದ ಹೇಳಿ ಕಳಿಸ್ತೀನಿ," ಅಂದಳು ಅವಳು.

ಅವನು ನಂಬದೆ ದೊಡ್ಡಪ್ಪನ ಕಡೆ ನೋಡಿದ. ಅವರು ಎಂದಿನಂತೆ ಕಣ್ಣು ಮುಚ್ಚಿದರು. ದಬ್ಬಣ ಹಿಡಿದ ಕೈ ಕಾಯುತ್ತಲೇ ಇತ್ತು, ಹೂಂ ಬರಲಿಲ್ಲ.