ಮಂಗಳವಾರದ ಉನೈಸಿ

ಟ್ಯಾಕ್ಸಿಯೊಳಗೆ ಹೋಗುವಾಗ ಮಾಡದ ಹಟವನ್ನು ಚಾಪೆ ಹೊರಗೆ ಬರುವಾಗ ಮಾಡಿತು. ರುಕ್ಮಿನ್ ಹೊರಗಿನಿಂದ ಎಳೆದಳು, ತೋರಿಕಾ ಒಳಗಿನಿಂದ ನೂಕಿದಳು. ಅಂಚಿನ ಕೆಂಪು ಉಣ್ಣೆಯ ಕುಚ್ಚು ಬಾಗಿಲ ಹಿಡಿಗೆ ಸಿಕ್ಕಿಕೊಂಡಿತ್ತು.

"ನಿಧಾನ ಕಣೇ. ಕುಚ್ಚು ಕಿತ್ರೆ ಉನೈಸಿ ಎದ್ದು ಬಂದು ಬೈತಾಳೆ," ಎಂದಳು ಸಬೀರಾ.

"ಬರ್ಲಿ ಬಿಡು. ಚಾಪೆ ದುಡ್ಡಾದ್ರೂ ಉಳಿಯುತ್ತೆ," ಎಂದಳು ತೋರಿಕಾ.

ಮೂವರೂ ನಕ್ಕರು. ಅಂಗಳದ ತಗಡಿನ ಚಪ್ಪರದ ಕಡೆ ನೋಡಿ ನಗು ನುಂಗಿಕೊಂಡರು.

ಉನೈಸಿಯ ಶವದ ಪೆಟ್ಟಿಗೆ ಒಳಗಿತ್ತು. ಚಪ್ಪರದಡಿ ಅವಳ ಮನೆಯ ಗಂಡಸರು, ಬೇರಿನ ಪುಡಿ ಕಲಸಿ ಕುಡಿಯುವ ಕಾವಾದ ಬೋಗುಣಿಯ ಸುತ್ತ ಕೂತಿದ್ದರು. ಬೆಳಗಿನಿಂದ ಒಂದೊಂದು ನಾಡಿನವರು ಬಂದು, ತಮ್ಮ ನಾಡಿನ ಹೆಸರು ಹೇಳಿ, ಚಾಪೆಯನ್ನೋ ತಿಮಿಂಗಿಲದ ಹಲ್ಲನ್ನೋ ಮುಂದಿಡುತ್ತಿದ್ದರು. ಉನೈಸಿಯ ಅಣ್ಣ ಅಪಕೂಕಿ ಅಂಗೈ ಬಟ್ಟಲು ಮಾಡಿ ಚಪ್ಪಾಳೆ ತಟ್ಟಿ ಒಪ್ಪಿಸಿಕೊಳ್ಳುತ್ತಿದ್ದ. ನಾಡಿನ ಹೆಸರಲ್ಲಿ ಒಪ್ಪಿಸಿದ ಚಾಪೆ ಸತ್ತವಳ ಜೊತೆ ಮಣ್ಣಿಗೆ ಹೋಗುತ್ತದೆ. ಉಳಿದದ್ದು ಅಡುಗೆಮನೆಗೆ.

ಉನೈಸಿಯ ಮಗಳು ಲಿತಿಯಾ ಗೇಟಿಗೆ ಓಡಿಬಂದಳು. "ರುಕ್ಮಿನ್ ಚಿಕ್ಕಮ್ಮಾ!"

"ಅಳಬೇಡ ಮಗಾ, ಆಮೇಲೆ ಒಟ್ಟಿಗೆ ಅಳೋಣ. ಈ ಚಾಪೆ ನಿಮ್ಮಮ್ಮನ ಜೊತೆ ಹೋಗ್ಬೇಕು. ನಿಮ್ಮ ಮಾಮನಿಗೆ ಹೇಳು."

ಅಪಕೂಕಿ ಚಾಪೆಯನ್ನು ನೋಡಿದ, ಮೂವರನ್ನೂ ನೋಡಿದ. ಒಬ್ಬಳು ಸೀರೆಯವಳು, ಒಬ್ಬಳು ತಲೆಗೆ ಬಟ್ಟೆ ಕಟ್ಟಿದವಳು, ಒಬ್ಬಳು ತಮ್ಮವಳೇ.

"ತೋರಿಕಾ, ನಿಮ್ಮ ನಾಡಿನವರು ಬೆಳಗ್ಗೇನೇ ಬಂದು ಹೋದ್ರಲ್ಲ. ಅವರ ಜೊತೆ ಬರೋದಕ್ಕೆ ಏನಾಗಿತ್ತು?"

"ನಾನು ಅವರ ಜೊತೆ ಬಂದ್ರೆ ಇವರಿಬ್ರು ಯಾರ ಜೊತೆ ಬರೋದು, ಅಣ್ಣಾ?"

"ಗೆಳತಿಯರು, ಸಂತೋಷ. ಒಳಗೆ ಹೋಗಿ ಚಹಾ ಕುಡೀರಿ. ಚಾಪೆ ಅಡುಗೆ ಕಡೆ ಕೊಡಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾವ ನಾಡು ಅಂತ ನಾನು ಕೂಗ್ಲಿ, ನೀವೇ ಹೇಳಿ. ಹೆಸರಿಲ್ಲದೆ ಹೇಗೆ ಒಪ್ಪಿಸಿಕೊಳ್ಳೋದು?"

"ಹೆಸರಿದೆ," ಎಂದಳು ರುಕ್ಮಿನ್. ಚಾಪೆ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನಾನು ಮಂಗಳವಾರದ ಉನೈಸಿ. ಇವಳು ಬುಧವಾರದ ಉನೈಸಿ. ಸಬೀರಾ ಗುರುವಾರದವಳು."

ಬೋಗುಣಿಯಲ್ಲಿ ಕಾವಾ ಕಲಸುತ್ತಿದ್ದವನ ಕೈ ನಿಂತಿತು.

*

ಈ ದ್ವೀಪದ ಲೌಟೋಕಾ ಊರಿನಲ್ಲಿ ವರ್ಷಕ್ಕೊಂದು ಕೆಲಸ ಏಳುತ್ತದೆ, ಇನ್ನೊಂದು ಮಲಗುತ್ತದೆ. ಉನೈಸಿ ಹುಡುಗಿಯಾಗಿದ್ದಾಗ ಊರೆಲ್ಲ ಸಕ್ಕರೆ ಗಿರಣಿಯ ಸೀಟಿಗೆ ಏಳುತ್ತಿತ್ತು. ಆಮೇಲೆ ಹೊಲಿಗೆ ಕಾರ್ಖಾನೆಗಳು ಬಂದವು, ಬಸ್ಸುಗಳ ತುಂಬ ನೀಲಿ ಏಪ್ರನ್ನಿನ ಹೆಂಗಸರು. ಮುಂದೆ ಹೊರದೇಶದ ಗಿರಾಕಿಗಳು ಇನ್ನೆಲ್ಲೋ ಅಗ್ಗದ ಹೊಲಿಗೆ ಕಂಡುಕೊಂಡರು. ಒಂದು ಸಂಜೆ, ಒಂದೇ ಸಾಲಿನಲ್ಲಿ ಕೂತು ಹೊಲಿಯುತ್ತಿದ್ದ ಈ ನಾಲ್ವರ ಮಿಷನ್ನುಗಳಿಗೂ ಹೊದಿಕೆ ಬಿತ್ತು. ಮುಂದಿನ ವರ್ಷ ಬಸ್ಸುಗಳಲ್ಲಿ ಹೋಟೆಲಿನ ಹೂವಿನ ಅಂಗಿಗಳು ಕಂಡವು.

ಕರಾವಳಿಯ ಒಂದು ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ಜಾಗ ಖಾಲಿಯಿತ್ತು. ಒಂದೇ ಒಂದು. ಅದು ಉನೈಸಿಗೆ ಸಿಕ್ಕಿತು. ಅಂಗಿಗೆ ಚುಚ್ಚಿಕೊಳ್ಳುವ ಹೆಸರಿನ ಬಿಲ್ಲೆಯನ್ನೂ ಕೊಟ್ಟರು. ಅವಳು ಅದನ್ನು ತಂದು ರುಕ್ಮಿನ್‌ಳ ಊಟದ ಮೇಜಿನ ಮೇಲೆ ಇಟ್ಟಳು.

"ಸೋಮವಾರ ನಾನು ಹೋಗ್ತೀನಿ. ಮಂಗಳವಾರ ನೀನು."

"ನಿಂಗೇನು ತಲೆ ಕೆಟ್ಟಿದ್ಯಾ? ಬಿಲ್ಲೆ ಮೇಲೆ ನಿನ್ನ ಹೆಸರಿದೆ."

"ಅಲ್ಲಿ ನೋಡೋದು ಚಾದರ ಬೆಳ್ಳಗಾಯ್ತಾ ಅಂತ. ಮೇಲಿನವಳನ್ನ ಕೇಳ್ಕೊಂಡೇ ಬಂದಿದೀನಿ. ಕೆಲಸ ನಿಲ್ಲದಿದ್ರೆ ಯಾರು ಬಂದ್ರೂ ಸರಿ ಅಂದ್ಲು. ಆದ್ರೆ ಎಲ್ಲರನ್ನೂ ಉನೈಸಿ ಅಂತಾನೇ ಕರೀತಾಳಂತೆ, ಬೇರೆ ಹೆಸರು ನೆನಪಿರಲ್ವಂತೆ."

"ಉನೈಸಿ ಅಂತ ಕೂಗಿದ್ರೆ ನಾನು ಓ ಅನ್ಬೇಕಾ?"

"ಓ ಅಂದ್ರೆ ಗಂಟೇನು ಹೋಗುತ್ತೆ?"

ಬುಧವಾರ ತೋರಿಕಾಳಿಗೆ, ಗುರುವಾರ ಸಬೀರಾಳಿಗೆ. ಶುಕ್ರವಾರ, ಶನಿವಾರ ಯಾರ ಮನೆಯ ಒಲೆ ತಣ್ಣಗಿತ್ತೋ ಅವರದು. ಮಳೆಗಾಲ, ಕಬ್ಬು ಅರೆಯುವ ಕಾಲ, ಮತ್ತೆ ಮಳೆಗಾಲ ಕಳೆದವು. ಉಳಿದ ಮೂವರಿಗೂ ಸ್ವಂತ ಕೆಲಸ ಸಿಗುವವರೆಗೆ ಬಿಲ್ಲೆ ನಾಲ್ಕು ಮನೆಗಳ ನಡುವೆ ಓಡಾಡಿತು.

*

"ಆ ವರ್ಷ ನಾನು ಅವಳನ್ನ ಬೈದಿದ್ದೆ," ಎಂದ ಅಪಕೂಕಿ, ರುಕ್ಮಿನ್ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ. ಚಪ್ಪರದಲ್ಲಿ ಎಲ್ಲರಿಗೂ ಕೇಳಿಸುವಂತೆಯೇ ಹೇಳಿದ. "ವಾರದಲ್ಲಿ ಒಂದಿನ ಎರಡು ದಿನ ದುಡಿದು ಮನೇಲಿ ಕೂರ್ತೀಯಲ್ಲ, ಸೋಮಾರಿ ಅಂತ."

"ಅದಕ್ಕೆ ಏನಂದ್ಲು?" ತೋರಿಕಾ ಕೇಳಿದಳು.

"ನಕ್ಕಳು. ಮೀನು ಹುರಿದು ಹಾಕಿದ್ಲು."

"ಆ ಮೀನು ನಮ್ಮನೇದು. ಸಾಲ ತಗೊಂಡ್ಹೋಗಿದ್ಲು," ಎಂದಳು ಸಬೀರಾ.

ಮುದುಕನೊಬ್ಬ ಫಕ್ಕನೆ ನಕ್ಕ. ಲಿತಿಯಾ ಬಾಗಿಲಲ್ಲಿ ನಿಂತು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಅಪಕೂಕಿ ಮಾತ್ರ ನಗಲಿಲ್ಲ. ಸೊಂಟದ ಬಟ್ಟೆ ಸರಿಮಾಡಿಕೊಂಡು ಕಾಲು ಮಡಚಿ ನೆಟ್ಟಗೆ ಕೂತ. ದೊಡ್ಡ ನಾಡಿನವರು ಬಂದಾಗ ಹಾಗೆ ಕೂರುವುದು.

"ಒಪ್ಪಿಸಿ," ಎಂದ.

ರುಕ್ಮಿನ್ ಚಾಪೆಯನ್ನು ಮುಂದೆ ತಳ್ಳಿದಳು. ಹೇಳಬೇಕಾದ ಮಾತು ಗೊತ್ತಿರಲಿಲ್ಲ. "ಇದು ಅವಳಿಗೆ," ಎಂದಳು, ಅಷ್ಟೇ.

ಅಪಕೂಕಿ ಚಾಪೆಯ ಮೇಲೆ ಕೈಯಿಟ್ಟು ದನಿ ಎತ್ತಿದ. "ಮಂಗಳವಾರ ಬಂದಿದೆ. ಬುಧವಾರ, ಗುರುವಾರ ಬಂದಿವೆ. ನಮ್ಮ ಸೋಮವಾರವನ್ನು ಕಳಿಸಿಕೊಡಲು ಬಂದಿವೆ. ಅವರ ಚಾಪೆಯನ್ನು ಒಪ್ಪಿಸಿಕೊಂಡಿದ್ದೇವೆ."

ಚಪ್ಪರವೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿತು.

ಮಧ್ಯಾಹ್ನ ಸ್ಮಶಾನದಲ್ಲಿ ಆ ಚಾಪೆಯನ್ನೇ ಎಲ್ಲಕ್ಕಿಂತ ಕೆಳಗೆ ಹಾಸಿದರು. ಕೆಂಪು ಕುಚ್ಚು ಪೆಟ್ಟಿಗೆಯ ಸುತ್ತ ಇಣುಕುತ್ತಿತ್ತು, ಆಮೇಲೆ ಮಣ್ಣು ಬಿತ್ತು.

ಸಂಜೆ ಅಂಗಳದಲ್ಲಿ ಪಾಲು ಹಂಚಿಕೆ. ನಾಡಿಗೊಂದು ರಾಶಿ, ಕೆಸುವಿನ ಗೆಡ್ಡೆ ಮತ್ತು ದನದ ಮಾಂಸ. ಗೆಡ್ಡೆ ಮತ್ತು ಮೀನಿನ ಒಂದು ರಾಶಿ ಬೇರೆಯೇ ಇತ್ತು. ಅದರ ಮುಂದೆ ನಿಂತು ಅಪಕೂಕಿ ಮತ್ತೆ ವಾರಗಳ ಹೆಸರು ಕೂಗಿದ.

"ಅಯ್ಯೋ, ಇಷ್ಟನ್ನ ಹೇಗೆ ಹೊರೋದು!" ಎಂದಳು ರುಕ್ಮಿನ್.

"ಮಾಮನೇ ಹೋಗಿ ಮೀನು ತಂದ," ಎಂದು ಲಿತಿಯಾ ಪಿಸುಗುಟ್ಟಿದಳು. ಅವಳು ಅವರ ಪಕ್ಕದಲ್ಲೇ ಕೂತಳು. "ಚಿಕ್ಕಮ್ಮಾ, ನಮ್ಮ ಫೋನ್ ಆಫೀಸಲ್ಲೂ ಈ ವರ್ಷ ಜನ ತೆಗೀತಾರಂತೆ."

"ತೆಗೀಲಿ," ಎಂದಳು ತೋರಿಕಾ. "ನಮ್ಮಲ್ಲಿ ಸೋಮವಾರ ಖಾಲಿ ಇದೆ."

ಲಿತಿಯಾ ಆ ದಿನ ಮೊದಲ ಸಲ ಜೋರಾಗಿ ನಕ್ಕಳು.

ಮನೆಗೆ ಒಯ್ಯಲು ಗಂಟು ಕಟ್ಟಬೇಕಿತ್ತು. ಯಾರು ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ. ತೋರಿಕಾ ಗೆಡ್ಡೆ ಸೀಳಿದಳು, ರುಕ್ಮಿನ್ ಎಲೆಯ ಮೇಲೆ ಮೀನು ಸೇರಿಸಿ ಮಡಚಿದಳು, ಸಬೀರಾ ನಾರಿನಿಂದ ಬಿಗಿದು ಲಿತಿಯಾಳ ಮಡಿಲಿಗೆ ತಳ್ಳಿದಳು. ಕೈಯಿಂದ ಕೈಗೆ ಒಂದೇ ಲಯದಲ್ಲಿ ಗಂಟುಗಳು ಸಾಗಿದವು. ನೋಡುತ್ತಿದ್ದ ಹೆಂಗಸೊಬ್ಬಳು ತನ್ನ ರಾಶಿಯನ್ನೂ ತಂದು ಪಕ್ಕದಲ್ಲಿಟ್ಟಳು. ಆಮೇಲೆ ಇನ್ನೊಬ್ಬಳು. ಅಂಗಳದಲ್ಲಿ ಸಾಲು ಬೆಳೆಯಿತು.

ಅಪಕೂಕಿ ಗಂಟು ಕಟ್ಟಿಸಲು ತನ್ನ ಪಾಲಿನ ಗೆಡ್ಡೆ ತುಂಬಿದ ಬೋಗುಣಿಯನ್ನು ನಡುವೆ ತೂರಿಸಲು ಬಗ್ಗಿದ.

"ಅಣ್ಣಾ, ಸಾಲಲ್ಲಿ ಬನ್ನಿ," ಎಂದಳು ಸಬೀರಾ, ತಲೆಯೆತ್ತದೆ.

ಅವನು ಬೋಗುಣಿ ಎತ್ತಿಕೊಂಡು ಎಲ್ಲರ ಹಿಂದೆ ಹೋಗಿ ನಿಂತ.