ಬೂಟು ಸ್ಟಾಪು

ಬೂಟು ಕಂಪನಿಯ ಮುಂದೆ, ಬಸ್ ಸ್ಟಾಪಿನಲ್ಲಿ ನಿಂತಿರುವ ಆ ಸಿಮೆಂಟಿನ ಬೂಟು ಕಟ್ಟಿದವನು ಒಬ್ಬ ಗಾರೆ ಕೆಲಸದವನು. ಅದರ ಬುಡದ ಕಲ್ಲಿನಲ್ಲಿರುವುದು ಕಂಪನಿ ಮಾಲೀಕರ ಹೆಸರು: 'ಶಿಲ್ಪದ ಕಲ್ಪನೆ ಇವರದು.'

ಗಾರೆಯವನ ಹೆಣ ಮಂಚದ ಮೇಲಿತ್ತು. ಮಗಳು ಒದ್ದೆ ಬಟ್ಟೆಯಿಂದ ಅವನ ಉಗುರುಸಂದಿಯ ಸಿಮೆಂಟು ತಿಕ್ಕುತ್ತಿದ್ದಳು. ಹೋಗುತ್ತಿರಲಿಲ್ಲ.

"ಬಿಡಮ್ಮಾ, ಅದು ಅವನ ಜೊತೇಲೇ ಹೋಗ್ಲಿ," ಎಂದ ಬಸ್ ಕಂಡಕ್ಟರ್. "ಆ ಸ್ಟಾಪು ಬಂದಾಗಲೆಲ್ಲ, ಮೂವತ್ತು ವರ್ಷ 'ಬೂಟು ಯಾರ್ರೀ, ಇಳೀರಿ' ಅಂತ ಕೂಗಿದೀನಿ. ಹೆಂಡ್ತೀನೂ ಅಷ್ಟು ಸಲ ಕರೆದಿಲ್ಲ."

"ಅದನ್ನ ಕೇಳಿ ಹೊಸಬನೊಬ್ಬ ಕಾಲಲ್ಲಿದ್ದ ಬೂಟು ಬಿಚ್ಚಿ ಕೈಲಿ ಹಿಡ್ಕೊಂಡು ಇಳಿದಿದ್ನಲ್ಲ!" ಪಕ್ಕದ ಮನೆಯ ದರ್ಜಿ ನಕ್ಕ, ಹೆಣ ಕಂಡು ಬಾಯಿ ಮುಚ್ಚಿಕೊಂಡ.

\*

ಎರಡಾಳೆತ್ತರದ ಬೂಟು, ಸರಳು ಬಗ್ಗಿಸಿ, ತಂತಿಬಲೆ ಸುತ್ತಿ, ಬರಿಗೈಯಲ್ಲಿ ಗಾರೆ ಮೆತ್ತಿದ್ದು. ಅವನು ಲೇಸಿನ ಬೂಟು ಹಾಕಿದವನೇ ಅಲ್ಲ. ಮಾದರಿಗೆಂದು ಕೊಟ್ಟ ಬೂಟಿನ ಲೇಸು ಕಳಚಿಹೋಗಿತ್ತು. ಊಹೆಯ ಮೇಲೆ ಗಂಟನ್ನು ಹೆಬ್ಬೆರಳ ತುದಿಯಲ್ಲಿ ಕೂರಿಸಿಬಿಟ್ಟ.

"ಕತ್ತೆ! ಗಂಟು ಮೇಲೆ ಬರುತ್ತೆ ಕಣೋ!" ಮಾಲೀಕರು ಎಲ್ಲರೆದುರು ಉಗಿದರು. ಒಡೆದು ಕಟ್ಟಲು ಪುರುಸೊತ್ತಿರಲಿಲ್ಲ, ಉಳಿಯಿತು. ಜನ ಆ ತಪ್ಪನ್ನು ನೋಡಲೆಂದೇ ಬಂದರು, ಗಂಟಿನ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ತಪ್ಪಿಗೆ ಹೆಸರು ಬಂದ ಮೇಲೆ ಅದು ಮಾಲೀಕರದಾಯಿತು.

ಪ್ರತಿ ವರ್ಷ ಬಿರುಕು ಮುಚ್ಚಿ ಬಣ್ಣ ಬಳಿಯಲು ಮಾತ್ರ ಅವನೇ ಬೇಕಿತ್ತು. ಮಗಳು ಗಾರೆ ಕಲಸಿಕೊಡುತ್ತಿದ್ದಳು. "ನಂದಲ್ವಾ ಇದು?" ಎಂದು ಅವಳೊಬ್ಬಳನ್ನೇ ಕೇಳುತ್ತಿದ್ದ, ಅದೂ ಮೆಲ್ಲಗೆ.

\*

ಕಂಪನಿಯ ಮ್ಯಾನೇಜರ್ ಬಂದರು, ಹಿಂದೆಯೇ ಫೋಟೋದವನು. ಡಬ್ಬಿ ತೆರೆದರೆ ಹೊಸ ಬೂಟು.

"ಇದನ್ನ ತೊಡಿಸಿಬಿಡಮ್ಮ. ಒಂದೇ ಫೋಟೋ. 'ನಮ್ಮ ಬೂಟಿಗೆ ಬಣ್ಣ ಬಳಿದ ನಿಷ್ಠಾವಂತನಿಗೆ ಗೌರವ' ಅಂತ ನಾಳೆ ಪೇಪರಲ್ಲಿ ಬರುತ್ತೆ."

"ಬಣ್ಣ ಬಳಿದವನಾ?"

"ಈಗ್ಯಾಕಮ್ಮ ಅದೆಲ್ಲ?"

ಅಣ್ಣ ಅವಳ ಕಿವಿಗೆ ಬಾಗಿದ. ಅದೇ ಕಂಪನಿಯ ಗೇಟು ಕಾಯುವವನು. "ಹಾಕಿಬಿಡೇ. ಅಪ್ಪಂಗೆ ಇನ್ನೇನು ಕಚ್ಚುತ್ತಾ? ನನ್ನ ಕೆಲಸ ಹೋದ್ರೆ ನೀನು ಅನ್ನ ಹಾಕ್ತೀಯಾ?"

"ಹಾಕ್ತೀನಿ. ಗಾರೆ ಕೆಲಸ ನಂಗೂ ಬರುತ್ತೆ."

ಅಣ್ಣ ಯಾರ ಮುಖವನ್ನೂ ನೋಡದೆ ಡಬ್ಬಿಗೆ ಕೈಹಾಕಿದ. ಅವಳು ಮಂಚ ಹತ್ತಿ, ಅಪ್ಪನ ಒಡೆದ ಪಾದಗಳೆರಡನ್ನೂ ಮಡಿಲಿಗೆಳೆದುಕೊಂಡು ತೋಳಲ್ಲಿ ಬಳಸಿ ಕೂತಳು.

"ಏಳಮ್ಮ," ಎಂದರು ಮ್ಯಾನೇಜರ್.

"ಎದ್ದೇಳೇ," ಎಂದ ಅಣ್ಣ, ಎರಡೂ ಕೈಯಲ್ಲಿ ಒಂದೊಂದು ಬೂಟು ಹಿಡಿದು.

"ಏಳಲ್ಲ."