ಚೆಲುವಯ್ಯನ ಎರಡು ಸೀಟಿನ ಕಾರು

"ಕೈ ತಗೀಲಾ ಮಾದೇವ! ಯಾರನ್ನ ಕೇಳಿ ಬಿಚ್ಚಿದ್ದೀಯ?"

ಹುಣಸೂರಿನ ಕಲ್ಕುಣಿಕೆಯ ಗ್ಯಾರೇಜಿನ ಮುಂದೆ ಆಟೊದಿಂದ ಇಳಿಯುತ್ತಲೇ ಚೆಲುವಯ್ಯ ಕೂಗಿದ. ಎರಡೇ ಸೀಟಿನ ಅವನ ಹಳೆಯ ಕೆಂಪು ಎಂ.ಜಿ. ಕಾರು ಹಿಂದಿನ ಚಕ್ರಗಳಿಲ್ಲದೆ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಅದರಡಿಯಿಂದ ತೆವಳಿಕೊಂಡು ಈಚೆ ಬಂದ ಮೆಕ್ಯಾನಿಕ್ ಮಾದೇವ ಪಕ್ಕದಲ್ಲಿ ನಿಂತಿದ್ದ ಪ್ರಮೀಳಾಳ ಮುಖ ನೋಡಿದ.

"ನಾನೇ ಹೇಳಿದ್ದು ಮಾವ," ಎಂದಳು ಸೊಸೆ.

ಪಿರಿಯಾಪಟ್ಟಣದಾಚೆ ಕಾಫಿ ತೋಟವಿದ್ದ ಯಜಮಾನರೊಬ್ಬರಿಗೆ ಚೆಲುವಯ್ಯ ಪ್ರಾಯದಿಂದಲೂ ಡ್ರೈವರ್ ಆಗಿದ್ದವನು. ಮಕ್ಕಳಿಲ್ಲದ ಯಜಮಾನರು ಕೊನೆಗಾಲದಲ್ಲಿ ಈ ಕಾರನ್ನು ಅವನ ಹೆಸರಿಗೆ ಮಾಡಿಸಿದ್ದರು. ಅಂದಿನಿಂದ ಅದರ ಒಂದು ಸ್ಕ್ರೂ ಕೂಡ ಬದಲಾಗಬಾರದೆಂಬುದು ಅವನ ಹಟ. ಆದರೆ ಈಚೆಗೆ ಓಡಿಸುವುದನ್ನೇ ಕಡಿಮೆ ಮಾಡಿದ್ದ. ಅದರಲ್ಲಿ ಪೇಟೆಗೆ ಹೋಗಿ ಬಂದರೂ ಸೊಂಟ ಹಿಡಿದುಕೊಂಡು ಜಗಲಿಯಲ್ಲಿ ಮಲಗಿಬಿಡುತ್ತಿದ್ದ. "ನಂಗೆ ವಯಸ್ಸಾಯ್ತು ಕಣವ್ವ. ಯಾರಾದ್ರೂ ಕೇಳಿದ್ರೆ ಗಾಡೀನ ಕೊಟ್ಬುಡನ" ಎಂದು ಅವನು ಮೊನ್ನೆ ಅಂದದ್ದು ಪ್ರಮೀಳಾಳ ಮನಸ್ಸಿಗೆ ಚುಚ್ಚಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದ್ದು ಅವನೇ, ಇದೇ ಕಾರಿನಲ್ಲಿ, ಊರವರು ನಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ.

"ಕೆಟ್ಟಿರೋದು ನನ್ ಸೊಂಟ, ಗಾಡಿ ಅಲ್ಲ," ಎಂದ ಚೆಲುವಯ್ಯ.

ಮಾದೇವ ಬಿಚ್ಚಿಟ್ಟಿದ್ದ ಹಳೆಯ ಶಾಕ್ ಅಬ್ಸಾರ್ಬರನ್ನು ಪ್ರಮೀಳಾ ಮಾವನ ಕೈಗೆ ಕೊಟ್ಟಳು. "ಇದರ ತೋಳು ಎಳೆದು ನೋಡಿ ಮಾವ."

ಎಳೆದ. ಬಿಗಿಯಾಗಿ ಕೈಗೆ ಎದುರು ನಿಲ್ಲಬೇಕಾಗಿದ್ದ ಕಬ್ಬಿಣದ ತೋಳು ಸಡಿಲವಾದ ಚಿಲಕದಂತೆ ಅತ್ತಿತ್ತ ಆಡಿತು. ಒಳಗೆ ಎಣ್ಣೆಯ ಪಸೆಯೂ ಇರಲಿಲ್ಲ. ಬಿಲ್ಲಿನಂತೆ ಬಾಗಿರಬೇಕಾದ ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿ ಬಿದ್ದಿದ್ದವು. ಒಂದು ನಡುವೆಯೇ ಮುರಿದಿತ್ತು.

"ಇದ್ರ ಮೇಲೆ ಕುಂತ್ರೆ ಗರಡಿ ಹೈದನ ಸೊಂಟಾನೂ ಉಳಿಯಕಿಲ್ಲ ಕಣಣ್ಣೋ," ಎಂದ ಮಾದೇವ.

ಚೆಲುವಯ್ಯ ತೋಳನ್ನು ಮತ್ತೆ ಮತ್ತೆ ಆಡಿಸಿದ. "ಅಂಗಾರೆ ತಪ್ಪು ನನ್ ಸೊಂಟದ್ದಲ್ವಾ..." ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಮಾದೇವನನ್ನು ಕೇಳಿದ: "ಇದ್ನೇ ರಿಪೇರಿ ಮಾಡಕ್ಕಾಗಕಿಲ್ವಾ?"

"ಮುಂದಿನವು ಎಣ್ಣೆ ತುಂಬಿದ್ರೆ ನಡೀತವೆ. ಹಿಂದಕ್ಕೆ ಈಗಿನ ಉದ್ದನೆ ಶಾಕೇ ಆಗ್ಬೇಕು. ಬಾಡಿ ಎಲ್ಲೂ ಕುಯ್ಯಕಿಲ್ಲ, ಹಳೇ ತೂತಿಗೇ ಬಿಗೀತೀನಿ. ಪಟ್ಟಿ ಎಲ್ಲಾ ಹೊಸವು."

"ಯಜಮಾನ್ರು ಇದ್ದಿದ್ರೆ ಒಪ್ತಿದ್ರಾ?"

"ನಿಮಗೆ ನೋವಾಗೋ ಗಾಡೀಲಿ ಅವರು ನಿಮ್ಮನ್ನ ಕೂರಿಸ್ತಿದ್ರಾ ಮಾವ?"

 ಚೆಲುವಯ್ಯ ಅಂಗಿಯ ತೋಳು ಮಡಚಿಕೊಂಡು ಕಾರಿನ ಪಕ್ಕ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತ. "ಸ್ಪ್ಯಾನರ್ ಎಲ್ಲಿ ಮಡಗಿದ್ದೀಯಲಾ?"

ಭಾನುವಾರ ಮಾವ ಸೊಸೆ ಬಿಳಿಕೆರೆಯವರೆಗೆ ಹೋದರು. ಚೆಲುವಯ್ಯನೇ ಓಡಿಸಿದ. ದಾರಿಯ ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ. ಬೇಕೆಂದೇ ಹುಡುಕಿ ಇಳಿಸಿದ. ಪ್ರತಿ ಸಲವೂ ಕಾರು ಒಮ್ಮೆ ತಗ್ಗಿ, ಎದ್ದು, ಸುಮ್ಮನಾಗುತ್ತಿತ್ತು. "ನೋಡ್ದಾ? ಒಂದೇ ಸಲ!" ಎಂದು ಅವನು ಪ್ರಮೀಳಾಳ ಕಡೆ ತಿರುಗುತ್ತಿದ್ದ. ಎಸ್‌ಟಿಡಿ ಬೂತಿನ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದರು. ವಾಪಸ್ ಹೊರಡುವಾಗ ಅವನು ಕೀಲಿಯನ್ನು ಅವಳ ಕೈಗೆ ಕೊಟ್ಟು ಎಡಗಡೆಯ ಸೀಟಿನಲ್ಲಿ ಕೂತ.

ಹುಣಸೂರು ಹತ್ತಿರವಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ರಸ್ತೆಯ ಉಬ್ಬೊಂದನ್ನು ದಾಟಿ ಪ್ರಮೀಳಾ ಪಕ್ಕಕ್ಕೆ ನೋಡಿದಳು. ಚೆಲುವಯ್ಯನ ತಲೆ ಬಾಗಿಲ ಕಡೆ ವಾಲಿತ್ತು. ಬಾಯಿ ಅರ್ಧ ತೆರೆದು, ಕೈಗಳನ್ನು ತೊಡೆಯ ಮೇಲೆ ಸಡಿಲ ಬಿಟ್ಟು ಅವನು ನಿದ್ದೆ ಹೋಗಿದ್ದ.

ಮನೆಯ ತಿರುವು ಬಂತು. ಅವನ ನಿದ್ದೆ ಕೆಡದಿರಲೆಂದು ಅವಳು ತಿರುಗಿಸದೆ, ಪಿರಿಯಾಪಟ್ಟಣದ ಕಡೆಗೆ ಹಾಗೇ ನಿಧಾನವಾಗಿ ಓಡಿಸಿಕೊಂಡು ಹೋದಳು.